ಬ್ಲ್ಯಾಕ್ ಪ್ಯಾಂಥರ್ ಎಂಬ ಹಾಲಿವುಡ್ ಸೂಪರ್‌ಹೀರೋ ಚಿತ್ರ ಕಪ್ಪು ವರ್ಣೀಯರಲ್ಲಿ ಅಷ್ಟೊಂದು ಹೆಮ್ಮೆ ಮೂಡಿಸಲು ಕಾರಣವೇನು?

ನಾಯಕ ಕಪ್ಪು ವರ್ಣದವನು ಎಂಬ ಒಂದೇ ಕಾರಣಕ್ಕೆ ಆ ಹೆಮ್ಮೆ ಹುಟ್ಟಲಿಲ್ಲ. ಹಾಲಿವುಡ್ ದಶಕಗಳ ಕಾಲ ಕಪ್ಪು ಕಲಾವಿದರಿಗೆ ಹೆಚ್ಚಾಗಿ ಕೊಟ್ಟದ್ದು ಮನೆಯಾಳು, ಗುಲಾಮ, ಅಪರಾಧಿಯ ಪಾತ್ರಗಳನ್ನೇ. ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಹ್ಯಾಟಿ ಮೆಕ್‌ಡೇನಿಯಲ್ ಅವರಿಗೆ 1940ರಲ್ಲಿ ಆ ಪ್ರಶಸ್ತಿ ಬಂದದ್ದು ಮನೆಗೆಲಸದವಳ ಪಾತ್ರಕ್ಕೆ. ಅದೇ ಸಮಾರಂಭದಲ್ಲಿ ಅವರನ್ನು ಸಹನಟರಿಂದ ದೂರ, ಬೇರೆ ಮೇಜಿನಲ್ಲಿ ಕೂರಿಸಿದ್ದರೆಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

2018ರ ಈ ಚಿತ್ರದಲ್ಲಿ ನಿರ್ದೇಶಕ ರಯಾನ್ ಕೂಗ್ಲರ್, ವಸಾಹತುಶಾಹಿಗೆ ಎಂದೂ ಒಳಗಾಗದ, ತಂತ್ರಜ್ಞಾನದಲ್ಲಿ ಜಗತ್ತಿಗಿಂತ ಮುಂದಿರುವ ವಕಾಂಡ ಎಂಬ ಕಲ್ಪಿತ ಆಫ್ರಿಕನ್ ದೇಶವನ್ನು ತೋರಿಸಿದರು. ನನ್ನ ದೃಷ್ಟಿಯಲ್ಲಿ ಚಿತ್ರದ ನಿಜವಾದ ಬಲವಿರುವುದು ಅದರ ವಿವರಗಳಲ್ಲಿ. ರಾಣಿ ರಮೋಂಡಾಳ ಅಗಲವಾದ ಕಿರೀಟಕ್ಕೆ ದಕ್ಷಿಣ ಆಫ್ರಿಕಾದ ಜುಲು ಜನಾಂಗದ ವಿವಾಹಿತೆಯರ ಸಾಂಪ್ರದಾಯಿಕ ಟೋಪಿಯೇ ಮಾದರಿ. ಗಡಿ ಕಾಯುವವರ ಹೆಗಲ ಮೇಲಿರುವುದು ಆಫ್ರಿಕಾದ ಪುಟ್ಟ ದೇಶ ಲೆಸೊಥೊದ ಬಸೊಥೊ ಜನರ ಕಂಬಳಿಗಳನ್ನು ಹೋಲುವ ಹೊದಿಕೆ. ಪಾತ್ರಗಳು ಆಡುವ ಖೋಸಾ ಭಾಷೆ ನೆಲ್ಸನ್ ಮಂಡೇಲಾ ಅವರ ತಾಯ್ನುಡಿಯಾಗಿದ್ದು, ವಕಾಂಡದ ನುಡಿಯಾಗಿ ಅದನ್ನು ಸೂಚಿಸಿದವರು ದಕ್ಷಿಣ ಆಫ್ರಿಕಾದ ಹಿರಿಯ ನಟ ಜಾನ್ ಕಾನಿ. ಗುಲಾಮಗಿರಿಯಿಂದಾಗಿ ಪೂರ್ವಿಕರ ಊರು, ನುಡಿ, ಹೆಸರುಗಳನ್ನೇ ಕಳೆದುಕೊಂಡ ಅಮೆರಿಕದ ಕುಟುಂಬಗಳಿಗೆ, ಹಿಂದುಳಿದಿರುವಿಕೆಯ ಗುರುತೆಂದು ಹೀಗಳೆಯಲಾಗಿದ್ದ ಈ ಉಡುಗೆ ತೊಡುಗೆಗಳೇ ರಾಜವೈಭವದಿಂದ ಮೆರೆದದ್ದು ಸಣ್ಣ ಸಂಗತಿಯಲ್ಲ. ಅನೇಕರು ಆಫ್ರಿಕನ್ ಉಡುಪು ತೊಟ್ಟೇ ಚಿತ್ರಮಂದಿರಕ್ಕೆ ಬಂದರು. ವಸ್ತ್ರವಿನ್ಯಾಸಕಿ ರೂತ್ ಕಾರ್ಟರ್ 2019ರಲ್ಲಿ ಆಸ್ಕರ್ ಪಡೆದು, ಆ ವಿಭಾಗದಲ್ಲಿ ಗೆದ್ದ ಮೊದಲ ಕಪ್ಪು ಮಹಿಳೆಯಾದರು.

ಬೇರೆ ಬೇರೆ ನಾಡುಗಳ ಸಂಸ್ಕೃತಿಗಳನ್ನು ಒಂದೇ ದೇಶದೊಳಗೆ ಬೆರೆಸಲಾಗಿದೆ ಎಂಬ ಆಕ್ಷೇಪವೂ ಇದೆ, ಅದು ನ್ಯಾಯವಾದದ್ದೇ.