ಎರಡೇ ಊರುಗಳಲ್ಲಿ ಸರ್ವರ್ ಇದ್ದಾಗ ಫೇಲ್‌ಓವರ್ ತಾನಾಗಿಯೇ ಆಗಬೇಕೇ?

ಬೆಂಗಳೂರಿನ ಕಚೇರಿಯಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ನ ನಕಲೊಂದನ್ನು ಹುಬ್ಬಳ್ಳಿಯ ಶಾಖೆಯಲ್ಲಿ ಇರಿಸಿ, ಮೊದಲನೆಯದು ಕೈಕೊಟ್ಟ ಕೂಡಲೇ ಎರಡನೆಯದು ತಾನಾಗಿಯೇ ಕೆಲಸ ವಹಿಸಿಕೊಳ್ಳುವಂತೆ, ಅಂದರೆ ಫೇಲ್‌ಓವರ್ ಆಗುವಂತೆ, ಮಾಡುವುದು ಹೇಗೆ ಎಂದು ಕೇಳಿದ್ದೀರಿ. ನಕಲು ಇರಿಸುವುದು ಅರ್ಧ ದಿನದ ಕೆಲಸ. ಕಷ್ಟವೆಲ್ಲ ಇರುವುದು ಆ ‘ತಾನಾಗಿಯೇ’ ಎಂಬ ಮಾತಿನಲ್ಲಿ.

ನಕಲಿನ ವಿಷಯವನ್ನು ಮೊದಲು ಮುಗಿಸುತ್ತೇನೆ. ಮೂಲದಲ್ಲಾಗುವ ಬದಲಾವಣೆಗಳನ್ನು ಆಗಿಂದಾಗಲೇ ನಕಲಿಗೆ ಹರಿಸುವ ಸ್ಟ್ರೀಮಿಂಗ್ ರೆಪ್ಲಿಕೇಶನ್ 2010ರ 9.0 ಆವೃತ್ತಿಯಿಂದಲೂ ಪೋಸ್ಟ್‌ಗ್ರೆಸ್‌ನಲ್ಲೇ ಅಡಕವಾಗಿದೆ. ಎರಡೂ ಕಚೇರಿಗಳ ನಡುವೆ ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಹಾಕಿ, ಪ್ರೈಮರಿಯಲ್ಲಿ, ಅಂದರೆ ಬೆಂಗಳೂರಿನ ಮೂಲ ಸರ್ವರ್‌ನಲ್ಲಿ, ರೆಪ್ಲಿಕೇಶನ್ ಅಧಿಕಾರವಿರುವ ಬಳಕೆದಾರನನ್ನು ಸೃಷ್ಟಿಸಿ, ಹುಬ್ಬಳ್ಳಿಯ ಯಂತ್ರದಿಂದ ಇಡೀ ದತ್ತಾಂಶವನ್ನು ನಕಲಿಸಿಕೊಳ್ಳುವ ಪಿಜಿ ಬೇಸ್‌ಬ್ಯಾಕಪ್ ಆಜ್ಞೆಯನ್ನು ಓಡಿಸಿದರೆ ಸಾಕು. ಹಳೆಯ ಲೇಖನಗಳು ಹೇಳುವ ರಿಕವರಿ ಡಾಟ್ ಕಾನ್ಫ್ ಕಡತವನ್ನು ಹುಡುಕುತ್ತ ಕೂರಬೇಡಿ. 12ನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ.

ಇಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು. ಸ್ಟ್ಯಾಂಡ್‌ಬೈ (ನಕಲು ಸರ್ವರ್) ಎಲ್ಲಿಯವರೆಗೆ ಓದಿದೆ ಎಂದು ಪ್ರೈಮರಿ ಇಟ್ಟುಕೊಳ್ಳುವ ಗುರುತೇ ರೆಪ್ಲಿಕೇಶನ್ ಸ್ಲಾಟ್. ಅದು ಇದ್ದರೆ, ಸ್ಟ್ಯಾಂಡ್‌ಬೈ ಓದಿ ಮುಗಿಸುವವರೆಗೆ ಪ್ರೈಮರಿಯು ತನ್ನ ವಾಲ್ ಕಡತಗಳನ್ನು, ಅಂದರೆ ಪ್ರತಿ ಬದಲಾವಣೆಯನ್ನೂ ಬರೆದಿಡುವ ಲಾಗ್ ಕಡತಗಳನ್ನು, ಅಳಿಸುವುದಿಲ್ಲ. ಒಂದು ಶುಕ್ರವಾರ ಸಂಜೆ ದೂರದ ಸ್ಟ್ಯಾಂಡ್‌ಬೈಯನ್ನು ಆರಿಸಿ ಮನೆಗೆ ಹೋದೆ. ಭಾನುವಾರ ರಾತ್ರಿಯ ಹೊತ್ತಿಗೆ ಪ್ರೈಮರಿಯ ಡಿಸ್ಕ್ ತಲಾ 16 ಎಂಬಿಯ ಕಡತಗಳಿಂದ ತುಂಬಿ, ಚೆನ್ನಾಗಿಯೇ ಓಡುತ್ತಿದ್ದ ಡೇಟಾಬೇಸ್ ನಿಂತುಹೋಗಿತ್ತು. ರಕ್ಷಣೆಗೆಂದು ತಂದ ಯಂತ್ರವೇ ಮೂಲಕ್ಕೆ ಮುಳುವಾಯಿತು. 13ನೇ ಆವೃತ್ತಿಯಿಂದ ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್ ಎಂಬ ಮಿತಿ ಬಂದಿದೆ. ಅದನ್ನು ಖಂಡಿತ ಹಾಕಿ.

ಇನ್ನು ಸಿಂಕ್ರೊನಸ್ (ನಕಲಿನ ಉತ್ತರ ಬಂದ ಮೇಲೆಯೇ ಬರಹ ಮುಗಿಯುವುದು) ಬೇಕೋ ಅಸಿಂಕ್ರೊನಸ್ (ಉತ್ತರಕ್ಕೆ ಕಾಯದಿರುವುದು) ಸಾಕೋ ಎಂಬ ಪ್ರಶ್ನೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸುಮಾರು 400 ಕಿಲೋಮೀಟರ್ ಹೋಗಿಬರಲು 4 ಮಿಲಿಸೆಕೆಂಡ್ ಬೇಕು, ವಾಸ್ತವದಲ್ಲಿ ಇನ್ನೂ ಹೆಚ್ಚು. ಸಿಂಕ್ರೊನಸ್ ಆದರೆ ಪ್ರತಿ ಕಮಿಟ್ (ಬರಹವನ್ನು ಖಾಯಂಗೊಳಿಸುವ ಹೆಜ್ಜೆ) ಕೂಡ ಇಷ್ಟು ಹೊತ್ತು ಕಾಯುತ್ತದೆ. ಅದನ್ನಾದರೂ ಸಹಿಸಬಹುದು, ಆದರೆ ಇರುವ ಒಂದೇ ಸ್ಟ್ಯಾಂಡ್‌ಬೈಗೆ ಹೋಗುವ ಲಿಂಕ್ ಕಡಿದರೆ ಬೆಂಗಳೂರಿನ ಕಮಿಟ್‌ಗಳೂ ಉತ್ತರಕ್ಕಾಗಿ ಕಾಯುತ್ತ ನಿಂತುಬಿಡುತ್ತವೆ. ಕೊನೆಯ ಕೆಲವು ಸೆಕೆಂಡುಗಳ ದತ್ತಾಂಶ ಹೋದರೂ ನಿಮ್ಮ ವ್ಯವಹಾರ ನಡೆಯುವಂತಿದ್ದರೆ ಅಸಿಂಕ್ರೊನಸ್ ಇಟ್ಟುಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹುಬ್ಬಳ್ಳಿಯ ಯಂತ್ರಕ್ಕೆ ಬೆಂಗಳೂರಿನಿಂದ ಉತ್ತರ ಬರದಿದ್ದಾಗ, ಅಲ್ಲಿ ಸರ್ವರ್ ಸತ್ತಿದೆಯೋ ಅಥವಾ ನಡುವೆ ಎಲ್ಲೋ ಜೆಸಿಬಿಯವರು ಕೇಬಲ್ ಕಿತ್ತಿದ್ದಾರೋ ಎಂಬುದು ತಿಳಿಯುವ ದಾರಿಯೇ ಇಲ್ಲ. ಸತ್ತಿದೆಯೆಂದು ಭಾವಿಸಿ ಅದು ತಾನೇ ಪ್ರೈಮರಿಯಾದರೆ, ಎರಡೂ ಕಡೆ ಬರಹ ನಡೆದು, ಎರಡು ಬಿಲ್‌ಗಳಿಗೆ ಒಂದೇ ಸಂಖ್ಯೆ ಬೀಳುವ ಸ್ಥಿತಿ ಬರುತ್ತದೆ. ಫೇಲ್‌ಓವರ್ ನೋಡಿಕೊಳ್ಳುವ ಪಾಟ್ರೋನಿಯಂಥ ಸಾಧನಗಳು, ಹಲವು ಯಂತ್ರಗಳ ಮತದಿಂದ ತೀರ್ಮಾನಿಸುವ ಇಟಿಸಿಡಿ ಎಂಬ ತಂತ್ರಾಂಶದ ಬಹುಮತವನ್ನು ನಂಬುವುದು ಇದಕ್ಕಾಗಿಯೇ. ಮೂರು ಮತಗಳಲ್ಲಿ ಎರಡು ಬೇಕು, ಮೂರನೆಯದು ಮೂರನೆಯ ಊರಿನಲ್ಲಿರಬೇಕು. ಎರಡು ಮತಗಳನ್ನು ಬೆಂಗಳೂರಿನಲ್ಲೇ ಇಟ್ಟರೆ, ಬೆಂಗಳೂರು ಮುಳುಗಿದ ದಿನ ಹುಬ್ಬಳ್ಳಿ ಏನೂ ಮಾಡಲಾರದು.

ಬಹುಮತವಿದ್ದರೂ ಎಲ್ಲವೂ ಸರಿಹೋಗುತ್ತದೆ ಎಂದಲ್ಲ. 2018ರ ಅಕ್ಟೋಬರ್ 21ರಂದು ಪ್ರೋಗ್ರಾಂ ಕೋಡ್ ಇರಿಸುವ ತಾಣವಾದ ಗಿಟ್‌ಹಬ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿಯ ದತ್ತಾಂಶ ಕೇಂದ್ರದ ಸಂಪರ್ಕ ಕೇವಲ 43 ಸೆಕೆಂಡು ಕಡಿಯಿತು. ಅಷ್ಟರಲ್ಲಿ ಅವರ ಫೇಲ್‌ಓವರ್ ಸಾಧನವಾದ ಆರ್ಕೆಸ್ಟ್ರೇಟರ್ ಬಹುಮತದಿಂದಲೇ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಪ್ರೈಮರಿಗಳನ್ನು ಪಶ್ಚಿಮಕ್ಕೆ ವರ್ಗಾಯಿಸಿತು. ಪೂರ್ವದಲ್ಲಿ ಉಳಿದ ಕೆಲವು ಸೆಕೆಂಡುಗಳ ಬರಹ ಪಶ್ಚಿಮಕ್ಕೆ ತಲುಪಿರಲಿಲ್ಲ. ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು.

ಆದ್ದರಿಂದ ನಿಮ್ಮಂಥ ಎರಡು ಕಚೇರಿಗಳ ವ್ಯವಸ್ಥೆಗೆ ನಾನು ಸೂಚಿಸುವುದು ಮನುಷ್ಯರೇ ನಿರ್ಧರಿಸುವ ಫೇಲ್‌ಓವರ್. ಎಚ್ಚರಿಕೆ ಬಂದ ಮೇಲೆ ಬೆಂಗಳೂರಿಗೆ ಫೋನ್ ಮಾಡಿ, ಹಳೆಯ ಪ್ರೈಮರಿ ನಿಂತಿರುವುದನ್ನು ಖಚಿತಪಡಿಸಿಕೊಂಡು, ಅದರ ವಿದ್ಯುತ್ತನ್ನಾದರೂ ತೆಗೆಸಿ, ಅನಂತರವೇ ಹುಬ್ಬಳ್ಳಿಯಲ್ಲಿ ನಕಲನ್ನು ಪ್ರೈಮರಿಯಾಗಿಸುವ ಪಿಜಿ ಪ್ರಮೋಟ್ ಆಜ್ಞೆ ಕೊಡಬೇಕು. ಹಳೆಯದನ್ನು ಮರಳಿ ಸ್ಟ್ಯಾಂಡ್‌ಬೈ ಮಾಡಲು ಪಿಜಿ ರಿವೈಂಡ್ ಇದೆ. ಆದರೆ ಅದಕ್ಕೆ ಡೇಟಾ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಎಂಬ ಸೆಟ್ಟಿಂಗ್ ಮೊದಲೇ ಆನ್ ಆಗಿರಬೇಕು. ಎರಡನೆಯದಕ್ಕೆ ಒಂದು ರೀಸ್ಟಾರ್ಟ್ ಬೇಕಾಗುವುದರಿಂದ ಈ ವಾರವೇ ಒಂದು ರಾತ್ರಿ ಅದನ್ನು ಮುಗಿಸಿಕೊಳ್ಳಿ.