ಆಕ್ಸಿಜನ್ ಸೆನ್ಸರ್ ಬದಲಿಸುವ ಮೊದಲು ಈ ಎರಡು ಸಂಖ್ಯೆ ನೋಡಿ

ಪ್ರಶ್ನೆ: ನಮ್ಮದು 2016ರ 1.5 ಲೀಟರ್ ಪೆಟ್ರೋಲ್ ಕಾರು, ಮನೆ ಶಿರಸಿಯಲ್ಲಿ. ಮಳೆಗಾಲ ಶುರುವಾದ ಮೇಲೆ ಚೆಕ್ ಎಂಜಿನ್ ದೀಪ ಹತ್ತಿದೆ. ನಿಲ್ಲಿಸಿದಾಗ ಎಂಜಿನ್ ನಡುಗುತ್ತದೆ. ದೇವಿಮನೆ ಘಟ್ಟ ಹತ್ತುವಾಗ ಮಾತ್ರ ಏನೂ ತೊಂದರೆ ಇಲ್ಲ. ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದರು. ನಾನೇ ಒಂದು ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಹೇಳುವುದನ್ನು ಓದುವ ಸಾಧನ) ತರಿಸಿ ನೋಡಿದೆ. ಕೋಡ್ ಪಿ0171. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಮಾಸ್ ಏರ್ ಫ್ಲೋ, ಅಂದರೆ ಒಳಬರುವ ಗಾಳಿ, ಸೆಕೆಂಡಿಗೆ 2.1 ಗ್ರಾಂ, ಶಾರ್ಟ್ ಟರ್ಮ್ ಟ್ರಿಮ್ +9, ಲಾಂಗ್ ಟರ್ಮ್ +18, ಆಕ್ಸಿಜನ್ ಸೆನ್ಸರ್ ಹೆಚ್ಚಾಗಿ 0.1 ವೋಲ್ಟ್. 2500 ಆರ್‌ಪಿಎಂನಲ್ಲಿ ಏರ್ ಫ್ಲೋ 8 ಗ್ರಾಂ, ಎರಡೂ ಟ್ರಿಮ್ ಸೇರಿ +7, ಸೆನ್ಸರ್ 0.1ರಿಂದ 0.8ರವರೆಗೆ ಓಡಾಡುತ್ತದೆ. ಸೆನ್ಸರ್ ಬದಲಿಸಲಾ?

ಉತ್ತರ: ಬೇಡ. ನೀವು ಎರಡು ವೇಗದಲ್ಲಿ ಅಳತೆ ಬರೆದುಕೊಂಡಿದ್ದೀರಿ. ಉತ್ತರ ಅದರಲ್ಲೇ ಇದೆ.

ಮೊದಲು ಸೆನ್ಸರ್ ವಿಷಯ. ಅದು ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡುತ್ತದೆ. ಆಮ್ಲಜನಕ ಉಳಿದಿದ್ದರೆ 0.1 ವೋಲ್ಟ್ ಹತ್ತಿರ, ಪೆಟ್ರೋಲ್ ಜಾಸ್ತಿಯಾದರೆ 0.9 ಹತ್ತಿರ ತೋರಿಸುತ್ತದೆ. ಸತ್ತ ಸೆನ್ಸರ್ ಹೀಗೆ ಓಡಾಡುವುದಿಲ್ಲ. ನಿಮ್ಮದು 2500ರಲ್ಲಿ 0.1ರಿಂದ 0.8ಕ್ಕೆ ಹೋಗಿ ಬರುತ್ತಿದೆ ಅಂದರೆ ಬದುಕಿದೆ. ಐಡಲ್‌ನಲ್ಲಿ ಅದು 0.1 ಎನ್ನುವುದು ದೂರು, ಸುಳ್ಳಲ್ಲ. ಒಳಗೆ ನಿಜವಾಗಿಯೂ ಗಾಳಿ ಜಾಸ್ತಿ ಇದೆ. ಪಿ0171 ಹೇಳುವುದೂ ಅಷ್ಟೇ: ಮಿಶ್ರಣದಲ್ಲಿ ಇಂಧನ ಕಡಿಮೆ. ಯಾವ ಭಾಗ ಕೆಟ್ಟಿದೆ ಎಂದು ಆ ಕೋಡ್ ಹೇಳುವುದಿಲ್ಲ.

ಈಗ ಟ್ರಿಮ್. ಏರ್ ಫ್ಲೋ ಸೆನ್ಸರ್ ಅಳೆದ ಗಾಳಿಗೆ ತಕ್ಕಂತೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಬಿಡುತ್ತದೆ. ಆಕ್ಸಿಜನ್ ಸೆನ್ಸರ್ ‘ಸಾಲಲಿಲ್ಲ’ ಎಂದರೆ ಇನ್ನಷ್ಟು ಸೇರಿಸುತ್ತದೆ. ಹಾಗೆ ಸೇರಿಸಿದ್ದು ಶೇಕಡಾ ಎಷ್ಟು ಎಂಬುದೇ ಟ್ರಿಮ್. ಶಾರ್ಟ್ ಟರ್ಮ್ ಆ ಕ್ಷಣದ್ದು, ಲಾಂಗ್ ಟರ್ಮ್ ಅದು ಕಲಿತು ನೆನಪಿಟ್ಟುಕೊಂಡದ್ದು. ಎರಡನ್ನೂ ಕೂಡಿಸಿ ಓದಬೇಕು. ಮೊತ್ತ ಹತ್ತರೊಳಗೆ, ಪ್ಲಸ್ ಆಗಲಿ ಮೈನಸ್ ಆಗಲಿ, ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮ್ಮದು ಐಡಲ್‌ನಲ್ಲಿ +27, ವೇಗ ಏರಿದಾಗ +7.

ಯಾಕೆ ಇಳಿಯಿತು? ಎಂಜಿನ್ ಎಲ್ಲೋ ಒಂದು ಬಿರುಕಿನಿಂದ ಸೆಕೆಂಡಿಗೆ ಅರ್ಧ ಗ್ರಾಂ ಗಾಳಿ ಎಳೆಯುತ್ತಿದೆ ಅಂದುಕೊಳ್ಳಿ. ಆ ಗಾಳಿ ಸೆನ್ಸರ್ ದಾಟಿ ಬಂದಿಲ್ಲ, ಹಾಗಾಗಿ ಲೆಕ್ಕಕ್ಕೆ ಸಿಗುವುದಿಲ್ಲ. 2.1 ಗ್ರಾಂ ಒಳಗೆ ಬರುವಾಗ ಅರ್ಧ ಗ್ರಾಂ ಅಂದರೆ ಕಾಲುಭಾಗದ ಹತ್ತಿರ. 8 ಗ್ರಾಂ ಬರುವಾಗ ಅದೇ ಅರ್ಧ ಗ್ರಾಂ ಶೇಕಡಾ 6 ಅಷ್ಟೇ. ನಿಮ್ಮ ಎರಡೂ ಸಂಖ್ಯೆ ಇದಕ್ಕೆ ಹೊಂದುತ್ತವೆ, ಅಲ್ವಾ? ಥ್ರಾಟಲ್‌ನ (ಗಾಳಿ ಒಳಬಿಡುವ ಬಾಗಿಲಿನ) ಆಚೆ, ಎಂಜಿನ್ ಕಡೆ ಗಾಳಿ ಸೋರುತ್ತಿದೆ. ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ಸೋತಿದ್ದರೆ ಇದರ ಉಲ್ಟಾ ಆಗುತ್ತಿತ್ತು: ಐಡಲ್‌ನಲ್ಲಿ ಸರಿ, ಘಟ್ಟ ಹತ್ತುವಾಗ ಟ್ರಿಮ್ ಮೇಲೇರಿ ಎಂಜಿನ್ ಸುಸ್ತಾಗುತ್ತಿತ್ತು.

ಇಲ್ಲೊಂದು ಮಾತು. ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲಿನ ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಟ್ರಿಮ್ ಸ್ವಲ್ಪ ಪ್ಲಸ್ ಕಡೆಗೆ ವಾಲುತ್ತದೆ. ಆದರೆ ಅದು ಎಲ್ಲ ವೇಗದಲ್ಲೂ ಹೆಚ್ಚುಕಡಿಮೆ ಒಂದೇ ಸಮ ವಾಲುತ್ತದೆ. ನಿಮ್ಮ +27ಕ್ಕೆ ಅದು ಕಾರಣವಲ್ಲ.

ಎಲ್ಲಿ ಹುಡುಕಬೇಕು? ಮಲೆನಾಡಿನ ಮಳೆಗಾಲದಲ್ಲಿ ನಾನು ಮೊದಲು ನೋಡುವುದು ಇಲಿ ಕಡಿದ ಗುರುತು. ಬೆಚ್ಚಗಿನ ಎಂಜಿನ್ ಮೇಲೆ ಬಂದು ಕೂತು ರಬ್ಬರ್ ಪೈಪ್ ಕಚ್ಚುತ್ತವೆ. ಕೊಟ್ಟಿಗೆ ಪಕ್ಕ, ಅಡಿಕೆ ಚೀಲದ ಪಕ್ಕ ಕಾರು ನಿಲ್ಲಿಸುವವರಿಗೆ ಇದು ಗೊತ್ತೇ ಇರುತ್ತದೆ. ಬ್ರೇಕ್ ಬೂಸ್ಟರ್‌ಗೆ ಹೋಗುವ ಪೈಪ್, ಎಂಜಿನ್ ಉಸಿರಾಡುವ ಪಿಸಿವಿ ಪೈಪ್, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವಿನ ಪೈಪ್, ಮೂರನ್ನೂ ಬುಡದಿಂದ ತುದಿವರೆಗೆ ಬೆರಳಾಡಿಸಿ ನೋಡಿ. ಎಂಜಿನ್ ತಣ್ಣಗಿರಲಿ. ಕಣ್ಣಿಗೆ ಏನೂ ಸಿಗದಿದ್ದರೆ, ಕಾರು ಸಮತಟ್ಟು ಜಾಗದಲ್ಲಿ ನಿಂತಿರಲಿ, ಹ್ಯಾಂಡ್‌ಬ್ರೇಕ್ ಹಾಕಿ ಎಂಜಿನ್ ಚಾಲೂ ಮಾಡಿ. ಮೆತ್ತಗಿನ ಪೈಪ್‌ಗಳನ್ನು ಒಂದೊಂದಾಗಿ ಹಿಸುಕಿ. ಫ್ಯಾನ್, ಬೆಲ್ಟ್ ಹತ್ತಿರ ಕೈ ಹೋಗದಂತೆ ಜಾಗ್ರತೆ. ಇನ್ನೊಬ್ಬರು ಶಾರ್ಟ್ ಟರ್ಮ್ ಟ್ರಿಮ್ ಮೇಲೆ ಕಣ್ಣಿಟ್ಟಿರಲಿ. ಯಾವ ಪೈಪ್ ಹಿಸುಕಿದಾಗ ಅದು ಥಟ್ಟನೆ ಇಳಿಯುತ್ತದೋ, ಸೋರುವ ದಾರಿ ಅದೇ. ಯಾವುದರಲ್ಲೂ ಇಳಿಯಲಿಲ್ಲವಾದರೆ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹಂಚುವ ಕೊಳವೆ) ಗ್ಯಾಸ್ಕೆಟ್ ಅಥವಾ ಇಂಜೆಕ್ಟರ್ ಬುಡದ ರಬ್ಬರ್ ರಿಂಗ್ ಇರಬಹುದು. ಅದಕ್ಕೆ ಹೊಗೆ ಬಿಟ್ಟು ಪರೀಕ್ಷಿಸುವ ಯಂತ್ರ ಇರುವ ಗ್ಯಾರೇಜಿಗೇ ಹೋಗಿ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸುವ ಉಪಾಯ ದಯವಿಟ್ಟು ಬೇಡ, ಬೆಂಕಿ ಹತ್ತುತ್ತದೆ.

ಇಷ್ಟೆಲ್ಲ ಆಗುವವರೆಗೆ ಕೋಡ್ ಅಳಿಸಬೇಡಿ. ಅಳಿಸಿದರೆ ಇಸಿಯು ಕಲಿತ ಟ್ರಿಮ್ ಸಾಮಾನ್ಯವಾಗಿ ಸೊನ್ನೆಗೆ ಬರುತ್ತದೆ. ದೀಪ ಹತ್ತಿದ ಕ್ಷಣದ ಅಳತೆ ಹಿಡಿದಿಟ್ಟ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ಮೊದಲು ಅದರ ಫೋಟೊ ತೆಗೆದುಕೊಳ್ಳಿ.

ಪ್ರಶ್ನೆ: ನಾನು ಕಾರವಾರದವನು. ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ ನೋಡಿದರೆ ನನ್ನ ಕಾರಿನ ಮ್ಯಾಪ್ ಸೆನ್ಸರ್ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) 101 ಕಿಲೋಪಾಸ್ಕಲ್ ತೋರಿಸುತ್ತದೆ. ಶಿರಸಿಯಲ್ಲಿರುವ ಭಾವನದ್ದು ಅದೇ ಮಾಡೆಲ್, ಅಲ್ಲಿ 94. ಯಾರದ್ದು ಕೆಟ್ಟಿದೆ?

ಉತ್ತರ: ಯಾರದ್ದೂ ಕೆಟ್ಟಿಲ್ಲ. ಎಂಜಿನ್ ನಿಂತಿರುವಾಗ ಆ ಸೆನ್ಸರ್ ಸುತ್ತಲಿನ ಗಾಳಿಯ ಒತ್ತಡವನ್ನೇ ಹೇಳುತ್ತದೆ. ನೀವು ಸಮುದ್ರದ ಮಟ್ಟದಲ್ಲಿದ್ದೀರಿ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ನೂರು ಮೀಟರ್ ಏರಿದರೆ ಒಂದು ಕಿಲೋಪಾಸ್ಕಲ್‌ಗಿಂತ ತುಸು ಜಾಸ್ತಿ ಇಳಿಯುತ್ತದೆ, ಲೆಕ್ಕ ಸರಿಹೋಯಿತು. ಕಾರವಾರದಲ್ಲಿ 94 ಅಥವಾ ಶಿರಸಿಯಲ್ಲಿ 101 ತೋರಿಸಿದ್ದರೆ ಅನುಮಾನ ಪಡಬೇಕಿತ್ತು. ಎಂಜಿನ್ ಚಾಲೂ ಮಾಡಿದ ಮೇಲೆ ಐಡಲ್‌ನಲ್ಲಿ ಅದು 30-40ರ ಆಸುಪಾಸಿಗೆ ಇಳಿಯಬೇಕು.

ಪ್ರಶ್ನೆ: ಅಂಕೋಲಾದಲ್ಲಿ ಕಡಲ ಹತ್ತಿರವೇ ಮನೆ. ಸ್ಕ್ಯಾನರ್‌ನಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಬಿಸಿ ಮೈನಸ್ 40 ಡಿಗ್ರಿ ಎಂದು ಬರುತ್ತಿದೆ. ರೇಡಿಯೇಟರ್ ಫ್ಯಾನ್ ನಿಲ್ಲುವುದೇ ಇಲ್ಲ. ಸ್ಕ್ಯಾನರ್ ಕೆಟ್ಟಿದೆಯೇ?

ಉತ್ತರ: ಸ್ಕ್ಯಾನರ್ ಸರಿ ಇದೆ. ಕೂಲೆಂಟ್ ಸೆನ್ಸರ್ ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. ತಂತಿ ತುಂಡಾದರೆ ಅಥವಾ ಕನೆಕ್ಟರ್ ಹಿಡಿಯದಿದ್ದರೆ ರೆಸಿಸ್ಟೆನ್ಸ್ ಲೆಕ್ಕ ಮೀರಿ ಏರುತ್ತದೆ. ಇಸಿಯು ಅದನ್ನು ಭಾರಿ ಚಳಿ ಎಂದು ಓದಿ ಮೈನಸ್ 40 ಎನ್ನುತ್ತದೆ. ಎಂಜಿನ್ ಬಿಸಿ ಎಷ್ಟೆಂದು ಗೊತ್ತಾಗದೆ, ಅಪಾಯ ಬೇಡವೆಂದು ಫ್ಯಾನ್ ಓಡಿಸಿಯೇ ಇಡುತ್ತದೆ. ಜೊತೆಗೆ ಪಿ0118 ಕೋಡ್ ಇರುತ್ತದೆ, ನೋಡಿ.

ಕಡಲ ದಂಡೆಯಲ್ಲಿ ಕನೆಕ್ಟರ್ ಮೇಲೆಯೇ ನನಗೆ ಮೊದಲ ಅನುಮಾನ. ಉಪ್ಪು ಗಾಳಿಗೆ ಪಿನ್‌ಗಳು ಹಸಿರುಗಟ್ಟುತ್ತವೆ. ಕೀ ಆಫ್ ಮಾಡಿ ಕನೆಕ್ಟರ್ ಬಿಚ್ಚಿ. ಎರಡು ಪಿನ್ ಇರುವ ಸೆನ್ಸರ್ ಆದರೆ, ವೈರಿಂಗ್ ಕಡೆಯ ಎರಡು ತುದಿಗಳನ್ನು ತುಂಡು ತಂತಿಯಿಂದ ಸೇರಿಸಿ ಕೀ ಆನ್ ಮಾಡಿ. ಅಳತೆ 120 ದಾಟಿ ಜಿಗಿದರೆ ತಂತಿ, ಇಸಿಯು ಎರಡೂ ಸರಿ ಇವೆ. ಆಗ ತೊಂದರೆ ಸೆನ್ಸರ್‌ನಲ್ಲಿ, ಇಲ್ಲವೇ ಅದರ ಪಿನ್‌ಗಳ ಹಸಿರಿನಲ್ಲಿ. ಮೈನಸ್ 40ರಲ್ಲೇ ಕೂತಿದ್ದರೆ ತಂತಿಯ ಹಾದಿ ಹಿಡಿದು ಹುಡುಕಿ. ಪಿನ್ ಒರೆಸಲು ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಬಳಸಿ.

ಸರಿಯಾದ ಮೇಲೆ ಒಂದು ರಾತ್ರಿ ಕಾರು ನಿಲ್ಲಿಸಿ. ಬೆಳಿಗ್ಗೆ ಚಾಲೂ ಮಾಡುವ ಮೊದಲು ಕೂಲೆಂಟ್ ಮತ್ತು ಒಳಬರುವ ಗಾಳಿಯ ಬಿಸಿ, ಎರಡನ್ನೂ ಓದಿ. ಒಂದು 27, ಇನ್ನೊಂದು 28 ಇದ್ದರೆ ಎರಡೂ ಸೆನ್ಸರ್ ನಂಬಬಹುದು.