ಎಳೆದರೂ ಕೆಡದ ಸೂಪರ್‌ಕಂಡಕ್ಟರ್ ತಂತಿ ಇದೆಯಾ?

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಸೂಪರ್‌ಕಂಡಕ್ಟರ್ ತಂತಿ ತುಂಬಾ ಪೆಡಸು, ಸ್ವಲ್ಪ ಎಳೆದರೂ ಕೆಡುತ್ತದೆ ಅಂತ ಮೇಷ್ಟ್ರು ಹೇಳಿದರು. ಹಾಗಾದರೆ ಅದನ್ನು ಸುರುಳಿ ಸುತ್ತಿ ಆಯಸ್ಕಾಂತ ಮಾಡುವುದು ಹೇಗೆ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಒಳ್ಳೆ ಪ್ರಶ್ನೆ. ಸೂಪರ್‌ಕಂಡಕ್ಟರ್ ಅಂದರೆ ತುಂಬಾ ತಂಪು ಮಾಡಿದಾಗ ಕರೆಂಟಿಗೆ ಅಡ್ಡಿಯೇ ಮಾಡದ ವಸ್ತು. ಎಲ್ಲಾ ತಂತಿಯೂ ಪೆಡಸಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ನಿಯೋಬಿಯಂ-ಟೈಟೇನಿಯಂ. ಇದು ಮಿಶ್ರಲೋಹ, ತಾಮ್ರದ ಜೊತೆ ಸೇರಿಸಿ ಎಷ್ಟು ಸಣ್ಣಗೆ ಬೇಕಾದರೂ ಎಳೆಯಬಹುದು.

ಕಷ್ಟ ಶುರುವಾಗುವುದು ಕಾಂತಕ್ಷೇತ್ರ 10 ಟೆಸ್ಲಾ (ಅದರ ಬಲ ಅಳೆಯುವ ಮಾನ) ದಾಟಿದ ಮೇಲೆ. ಅಲ್ಲಿ ನಿಯೋಬಿಯಂ-ಟಿನ್ (ಟಿನ್ ಅಂದರೆ ತವರ) ಬೇಕು, ಅದು ನಿಜಕ್ಕೂ ಪೆಡಸು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಪರಮಾಣು ಸಮ್ಮಿಳನ ಯಂತ್ರದ ಕೆಲವು ದೊಡ್ಡ ಸುರುಳಿಗಳಲ್ಲಿ ಇದೇ ಇದೆ (ಭಾರತವೂ ಆ ಯೋಜನೆಯ ಪಾಲುದಾರ). ಸುರುಳಿಯಲ್ಲಿ ಕರೆಂಟ್ ಹರಿದಾಗ ಅದರದೇ ಕಾಂತಕ್ಷೇತ್ರ ತಂತಿಯನ್ನು ಹೊರಗೆ ತಳ್ಳುತ್ತದೆ, ಮತ್ತು ಈ ತಳ್ಳುವಿಕೆ ಕ್ಷೇತ್ರದ ವರ್ಗದಂತೆ (ಕ್ಷೇತ್ರ ಎರಡು ಪಟ್ಟಾದರೆ ತಳ್ಳುವಿಕೆ ನಾಲ್ಕು ಪಟ್ಟು) ಏರುತ್ತದೆ: 1.5 ಟೆಸ್ಲಾದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 9 ಪಟ್ಟು, 13 ಟೆಸ್ಲಾದಲ್ಲಿ 650 ಪಟ್ಟಿಗೂ ಜಾಸ್ತಿ. ಪೆಡಸು ವಸ್ತು ಇದನ್ನು ತಡೆಯಬೇಕು.

ಮೊದಲ ಉಪಾಯ, ಸುತ್ತುವಾಗ ಅದು ನಿಯೋಬಿಯಂ-ಟಿನ್ ಆಗಿರುವುದೇ ಇಲ್ಲ! ನಿಯೋಬಿಯಂ ಮತ್ತು ತವರವನ್ನು ತಾಮ್ರದೊಳಗೆ ಬೇರೆ ಬೇರೆ ಇಟ್ಟು ತಂತಿ ಎಳೆಯುತ್ತಾರೆ, ಸುರುಳಿ ಸುತ್ತುತ್ತಾರೆ, ಆಮೇಲೆ ಇಡೀ ಸುರುಳಿಯನ್ನೇ ಕುಲುಮೆಯಲ್ಲಿ ಸುಮಾರು 650 ಡಿಗ್ರಿಯಲ್ಲಿ ದಿನಗಟ್ಟಲೆ ಕಾಯಿಸುತ್ತಾರೆ. ತವರ ಸರಿದು ನಿಯೋಬಿಯಂ ಜೊತೆ ಸೇರುವುದು ಆಗಲೇ. ಅಲ್ಲಿಂದ ಮುಂದೆ ಬಾಗಿಸುವ ಹಾಗಿಲ್ಲ.

ಎರಡನೆಯದು ಎಳೆಗಳು. ನಿಮ್ಮೂರಲ್ಲಿ ಹಲವು ಗೂಡುಗಳ ಎಳೆ ಸೇರಿಸಿ ಒಂದು ರೇಷ್ಮೆ ನೂಲು ಬಿಚ್ಚುತ್ತಾರಲ್ವಾ, ಇಲ್ಲೂ ಕೂದಲಿಗಿಂತ ಸಣ್ಣ ಎಳೆಗಳು ನೂರಾರು, ಕೆಲವು ತಂತಿಯಲ್ಲಿ ಸಾವಿರಾರು. ಒಂದು ಬಿರುಕು ಬಿಟ್ಟರೆ ನಡುವಿನ ಲೋಹ ಅದನ್ನು ಅಲ್ಲೇ ತಡೆಯುತ್ತದೆ.

ಮೂರನೆಯದು ನನಗೆ ತುಂಬಾ ಇಷ್ಟ. 650 ಡಿಗ್ರಿಯಿಂದ, ತಂತಿ ಕೆಲಸ ಮಾಡುವ ಮೈನಸ್ 269ಕ್ಕೆ ತಂಪಾಗುವಾಗ ತಾಮ್ರ, ಕಂಚು ಜಾಸ್ತಿ ಕುಗ್ಗುತ್ತವೆ, ನಿಯೋಬಿಯಂ-ಟಿನ್ ಕಡಿಮೆ. ಹಾಗಾಗಿ ಒಳಗಿನ ಎಳೆ ಒತ್ತಿ ಹಿಡಿದ ಸ್ಥಿತಿಯಲ್ಲೇ ಇರುತ್ತದೆ. ಈಗ ಅಂಥ ತಂತಿಯನ್ನು ಎಳೆದು ನೋಡಿ: 1 ಮೀಟರ್‌ಗೆ 2-3 ಮಿ.ಮೀ. ಹಿಗ್ಗುವವರೆಗೆ ಅದು ಹೊರುವ ಕರೆಂಟ್ ಕಡಿಮೆಯಾಗುವ ಬದಲು ಹೆಚ್ಚುತ್ತದೆ! ಮೊದಲಿನ ಒತ್ತು ಬಿಡುಗಡೆಯಾಗುತ್ತಾ ಬರುವುದೇ ಕಾರಣ. ಅದರಾಚೆ ಎಳೆದರೆ ಕರೆಂಟ್ ಇಳಿಯುತ್ತದೆ, ಆದರೆ ಕೈಬಿಟ್ಟರೆ ವಾಪಸ್ ಬರುತ್ತದೆ. ಇನ್ನೂ ಎಳೆದು ಎಳೆಗಳು ಬಿರಿದರೆ ಮಾತ್ರ ಹೋಯಿತು, ಶಾಶ್ವತ. ನಿಮ್ಮ ಮೇಷ್ಟ್ರು ಹೇಳಿದ್ದು ಈ ಕೊನೆಯ ಹಂತದ ವಿಷಯ ಇರಬೇಕು. ಅದಕ್ಕೆ ಮೊದಲಿನ ಎರಡು ಹಂತಗಳನ್ನೂ ಪಾಠದಲ್ಲಿ ಹೇಳಬೇಕು ಅಂತ ನನ್ನಾಸೆ.

ಪ್ರಶ್ನೆ: ಪಾವಗಡದ ಸೋಲಾರ್ ಕರೆಂಟನ್ನು ಇಂಥ ತಂತಿಯಲ್ಲೇ ಬೆಂಗಳೂರಿಗೆ ತರಬಹುದಾ?
– ಓದುಗರೊಬ್ಬರು, ಗೌರಿಬಿದನೂರು

ಉತ್ತರ: ಸದ್ಯಕ್ಕೆ ಬೇಡ. ಅಷ್ಟು ದೂರ ಉದ್ದಕ್ಕೂ ತಂಪಾಗಿ ಇಡಬೇಕು, ಖರ್ಚು ವಿಪರೀತ. ಆದರೆ ಊರೊಳಗೆ, ಜಾಗ ಇಲ್ಲದ ಕಡೆ, ಆಗುತ್ತದೆ. ಜರ್ಮನಿಯ ಎಸೆನ್ ನಗರದಲ್ಲಿ 2014ರಲ್ಲಿ 1 ಕಿ.ಮೀ. ಉದ್ದದ, 10 ಕಿಲೋವೋಲ್ಟ್‌ನ ಕೇಬಲ್ ಹಾಕಿದರು, ದ್ರವ ನೈಟ್ರೋಜನ್‌ನಿಂದ ತಂಪು ಮಾಡಿ.

ಅಲ್ಲೂ ಎಳೆತದ ಕಾಟ ತಪ್ಪದು. ಮೈನಸ್ 196 ಡಿಗ್ರಿಗೆ ಇಳಿದಾಗ ತಾಮ್ರ ಸುಮಾರು ಶೇ. 0.3 ಕುಗ್ಗುತ್ತದೆ, ಅಂದರೆ 1 ಕಿ.ಮೀ.ಗೆ 3 ಮೀಟರ್. ಇಲ್ಲಿ ಬಳಸುವುದು ಅಷ್ಟು ತಂಪಿನಲ್ಲೇ ಕೆಲಸ ಮಾಡುವ ಬೇರೆ ಬಗೆಯ ಸೂಪರ್‌ಕಂಡಕ್ಟರ್, ಚಪ್ಪಟೆ ಪಟ್ಟಿಯ ರೂಪದಲ್ಲಿ. ಎರಡೂ ತುದಿ ಬಿಗಿ ಹಿಡಿದರೆ ಒಳಗಿನ ಈ ಪಟ್ಟಿ ಹಾಳು. ಅದಕ್ಕೇ ಪಟ್ಟಿಯನ್ನು ನೇರ ಇಡದೆ ಒಳಗಿನ ಕೊಳವೆಯ ಮೇಲೆ ಓರೆಯಾಗಿ ಸುತ್ತುತ್ತಾರೆ. ಕುಗ್ಗುವಾಗ ಸುತ್ತು ಸ್ವಲ್ಪ ಬಿಗಿಯಾಗುತ್ತದೆ, ಪಟ್ಟಿ ಅಷ್ಟಾಗಿ ಎಳೆಯಲ್ಪಡುವುದಿಲ್ಲ.